ಗಿಡ ನೆಡುವವರನ್ನು ಮೊದಲು ಕರೆಯಿರಿ: ಮೃಗಾಲಯ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಧಿಕಾರಿಗಳಿಗೆ, ಜೂಗಳ ನಕ್ಷೆ ಬರೆಯುವ ಎಂಜಿನಿಯರುಗಳಿಗೆ, ಜೊತೆಗೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಜೂಗೆ ಹೋಗುವ ನಮ್ಮಂಥವರಿಗೆ,

ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಪ್ರಾಣಿಗಳ ಬಗ್ಗೆ ಓದಿದವನಲ್ಲ. ಮೈಸೂರಿನ ಹೊರಗೆ ಒಂದು ಸಣ್ಣ ನರ್ಸರಿ ಇಟ್ಟುಕೊಂಡಿದ್ದೇನೆ. ಅತ್ತಿ, ಬಸರಿ, ನೇರಳೆ, ಹೊಂಗೆ, ಮತ್ತಿ, ಹೀಗೆ ನಮ್ಮ ಕಡೆಯ ಮರಗಳ ಸಸಿ ಬೆಳೆಸುವುದು ಇಷ್ಟದ ಕೆಲಸ. ಕ್ರೋಟನ್, ಡುರಾಂಟದಂಥ ಅಲಂಕಾರದ ಗಿಡ ಮಾರುವುದು ಹೊಟ್ಟೆಪಾಡು. ಈ ಪತ್ರಕ್ಕೆ ಕಾರಣ ಒಂದು ಫೋನು.

ಎರಡು ವರ್ಷದ ಹಿಂದಿನ ಮಾತು. ಒಂದು ಜೂನ ಕೆಲಸ ಹಿಡಿದಿದ್ದ ಕಾಂಟ್ರಾಕ್ಟರು ಫೋನ್ ಮಾಡಿದರು. ಯಾವ ಜೂ, ಯಾವ ರಾಜ್ಯ ಅಂತ ಹೇಳುವುದಿಲ್ಲ, ಹೆಸರು ಹಿಡಿದು ಜಗಳ ಆಡುವುದು ನನಗೆ ಬೇಕಾಗಿಲ್ಲ. ಚಿರತೆಗೆ ಹೊಸ ಆವರಣ ಆಗಿದೆ, ಮುಂದಿನ ವಾರ ಉದ್ಘಾಟನೆ, ಅಷ್ಟರೊಳಗೆ ಹಸಿರು ಕಾಣಬೇಕಂತೆ. ಪಟ್ಟಿ ಓದಿದರು. ಡುರಾಂಟ ಇಷ್ಟು ಸಾವಿರ, ಫಾಕ್ಸ್‌ಟೇಲ್ ಪಾಮ್ ಇಪ್ಪತ್ತು, ಮೆಕ್ಸಿಕನ್ ಲಾನ್ ಇಷ್ಟು ಚದರಡಿ, ಹೂ ಬಿಟ್ಟಿರುವ ಕಣಗಿಲೆ ನೂರು. ನಾನು ಸುಮ್ನೆ ಕೇಳಿದೆ, "ಸಾರ್, ಚಿರತೆ ಹತ್ತೋಕೆ ಮರ?" ಅವರು ಅಂದರು, "ಅದಕ್ಕೆ ಸಿಮೆಂಟಲ್ಲೇ ಮರ ಮಾಡಿಸಿದ್ದೀವಿ, ಬಣ್ಣಾನೂ ಆಗಿದೆ."

ಪಾಮ್, ಡುರಾಂಟ ಕಳಿಸಿದೆ. ದುಡ್ಡೂ ತಗೊಂಡೆ, ಸುಳ್ಳು ಹೇಳಲ್ಲ. ಕಣಗಿಲೆ ಮಾತ್ರ ಕೊಡಲಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮುಂದಿನ ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ಅದೇ ಜೂಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಸಿಮೆಂಟ್ ಮರ ಚೆನ್ನಾಗೇ ಇತ್ತು, ತೊಗಟೆಯ ಗೆರೆ ಕೂಡ ಕೊರೆದಿದ್ದರು. ಚಿರತೆ ಅದರ ಮೇಲೆ ಇರಲಿಲ್ಲ. ರಾತ್ರಿ ಮಲಗುವ ಕೋಣೆಯ ಬಾಗಿಲಿನ ಹತ್ತಿರ, ಗೋಡೆಯ ಒಂದೂವರೆ ಅಡಿ ಅಗಲದ ನೆರಳಿನಲ್ಲಿ, ಗೋಡೆಗೆ ಬೆನ್ನು ಒತ್ತಿಕೊಂಡು ಮಲಗಿತ್ತು. ಸಿಮೆಂಟು ಬಿಸಿಲನ್ನು ಕುಡಿದು ಸಂಜೆಯವರೆಗೂ ಉಗುಳುತ್ತಾ ಇರುತ್ತದೆ. ಜೀವ ಇರುವ ಮರ ಬೇರಿಂದ ನೀರೆಳೆದು ಎಲೆಯಿಂದ ಆವಿ ಬಿಡುತ್ತದೆ, ಅದಕ್ಕೇ ಹೊಂಗೆಯ ಕೆಳಗೆ ಕೂತರೆ ತಣ್ಣಗಿರುತ್ತದೆ, ತಗಡಿನ ಶೀಟಿನ ಕೆಳಗೆ ಕೂತರೆ ತಲೆ ಬೇಯುತ್ತದೆ. ಎರಡೂ ನೆರಳೇ. ಇದು ಹಳ್ಳಿಯಲ್ಲಿ ಎಮ್ಮೆ ಕಟ್ಟುವವರಿಗೆಲ್ಲ ಗೊತ್ತು. ಬೇಲಿಯ ಈಚೆ ನಾವು ನಿಂತ ಜಾಗದಲ್ಲಿ ಡುರಾಂಟವನ್ನು ಆನೆಯ ಆಕಾರಕ್ಕೆ ಕತ್ತರಿಸಿದ್ದರು. ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದು ನನ್ನ ನರ್ಸರಿಯದೇ ಗಿಡ.

ನಾನು ಹೇಳಬೇಕಾದ್ದು ಇಷ್ಟೇ. ಜೂ ಕಟ್ಟುವಾಗ ಗಿಡದವರನ್ನು ಕೊನೆಗೆ ಕರೆಯುತ್ತೀರಿ. ದಯವಿಟ್ಟು ಮೊದಲು ಕರೆಯಿರಿ. ಗೋಡೆಗೆ ಗೆರೆ ಎಳೆಯುವುದಕ್ಕೂ ಮುಂಚೆ, ಆಗುವುದಾದರೆ ಪ್ರಾಣಿ ಬರುವುದಕ್ಕೆ ಎರಡು ಮಳೆಗಾಲ ಮುಂಚೆ.

ಇದು ನಮಗೆ ಹೊಸದಾಗಿ ಕಲಿಸಬೇಕಾದ ಪಾಠವೇನಲ್ಲ. ಮೈಸೂರು ಜೂ 1892ರಲ್ಲಿ ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಶುರುವಾಯಿತು. ಈಗ 157 ಎಕರೆ. ಅಲ್ಲಿ ನಡೆಯುವಾಗ ನಡು ಮಧ್ಯಾಹ್ನವೂ ತಲೆಯ ಮೇಲೆ ನೆರಳು ಇರುತ್ತದೆ, ಅಲ್ವಾ? ಅದು ತಾನಾಗಿ ಆದದ್ದಲ್ಲ. ಮೊದಲ ಸೂಪರಿಂಟೆಂಡೆಂಟ್ ಎ.ಸಿ. ಹ್ಯೂಸ್ ಅವರ ಕಾಲದಿಂದ ಮರ ಬೆಳೆಸಿಕೊಂಡು ಬಂದಿದ್ದಾರೆ. ಆಮೇಲೆ ಜರ್ಮನಿಯ ತೋಟಗಾರ ಕೃಂಬಿಗಲ್ ಬಂದರು. ಬೆಂಗಳೂರಿನ ಲಾಲ್‌ಬಾಗ್ ಹತ್ತಿರ ರಸ್ತೆಗೆ ಅವರದೇ ಹೆಸರಿದೆ. ಬೃಂದಾವನದ ಹೂದೋಟದಲ್ಲೂ ಅವರ ಕೈ ಇದೆ, ಈ ಜೂನ ತೋಟದಲ್ಲೂ ಇದೆ. ಅವರು ಬೆಂಗಳೂರಿಗೆ ಮಾಡಿದ ಒಂದು ದೊಡ್ಡ ಕೆಲಸ ಅಂದರೆ, ವರ್ಷದ ಯಾವ ತಿಂಗಳು ನೋಡಿದರೂ ಯಾವುದಾದರೂ ಒಂದು ಮರ ಹೂ ಬಿಟ್ಟಿರುವ ಹಾಗೆ ಜಾತಿಗಳನ್ನು ಆರಿಸಿ ರಸ್ತೆ ಬದಿ ನೆಡಿಸಿದ್ದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಆ ಲೆಕ್ಕಾಚಾರ ನೋಡಿದರೆ ನರ್ಸರಿಯವನಾದ ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ.

ಆದರೆ ಅದು ನೋಡುವವರ ಕಣ್ಣಿಗೆ ಹಾಕಿದ ಲೆಕ್ಕ. ಆ ಕಾಲದ ಜೂ ಅಂದರೆ ಒಂದು ಒಳ್ಳೆಯ ತೋಟ, ತೋಟದ ನಡುವೆ ಪ್ರಾಣಿಗಳು. ಗಿಡ ನಮಗೆ, ಪಂಜರ ಅವಕ್ಕೆ. ಅದನ್ನು ತಪ್ಪು ಅಂತ ಹೇಳುತ್ತಿಲ್ಲ, ಇಡೀ ಪ್ರಪಂಚ ಆಗ ಹಾಗೇ ಇತ್ತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತನ್ನ ಜೂನಲ್ಲಿ ಕಂಬಿ ತೆಗೆದು ಕಂದಕ ತೋಡಿದಾಗಲೇ ಜನ ಬಾಯಿಬಿಟ್ಟುಕೊಂಡು ನೋಡಿದ್ದು. ಅವನದ್ದೂ ಒಂಥರಾ ನಾಟಕದ ಸೀನರಿಯೇ, ಕೃತಕ ಬಂಡೆ ಜಾಸ್ತಿ. ಆದರೂ ಕಂಬಿ ಹೋಯಿತಲ್ಲ, ಅದು ದೊಡ್ಡದು.

ಗಿಡಕ್ಕೆ ನಿಜವಾದ ಮರ್ಯಾದೆ ಸಿಕ್ಕಿದ್ದು ಅಮೆರಿಕದ ಸಿಯಾಟಲ್‌ನಲ್ಲಿ. ಅಲ್ಲಿನ ವುಡ್‌ಲ್ಯಾಂಡ್ ಪಾರ್ಕ್ ಜೂನಲ್ಲಿ 1970ರ ದಶಕದ ಕೊನೆಗೆ ಗೊರಿಲ್ಲಾಗಳಿಗೆ ಹೊಸ ಜಾಗ ಮಾಡಿದರು. ಆಗ ನಿರ್ದೇಶಕರಾಗಿದ್ದವರು ಡೇವಿಡ್ ಹ್ಯಾಂಕಾಕ್ಸ್, ವಿನ್ಯಾಸ ಜೋನ್ಸ್ ಅಂಡ್ ಜೋನ್ಸ್ ಅನ್ನುವ ಲ್ಯಾಂಡ್‌ಸ್ಕೇಪ್ ಸಂಸ್ಥೆಯದು. ಅದುವರೆಗೆ ಗೊರಿಲ್ಲಾ ಅಂದರೆ ಟೈಲ್ಸ್ ಹಾಕಿದ ಕೋಣೆ, ತೊಳೆಯುವುದಕ್ಕೆ ಸುಲಭ. ಇವರು ಮಣ್ಣು, ಹುಲ್ಲು, ಪೊದೆ, ಮರ ಎಲ್ಲ ಕೊಟ್ಟು ಒಳಗೆ ಬಿಟ್ಟರು. ಎಲ್ಲ ಕಿತ್ತುಹಾಕಿಬಿಡುತ್ತವೆ ಅನ್ನುವ ಹೆದರಿಕೆ ಇತ್ತು. ಒಂದಷ್ಟು ಕಿತ್ತವು, ಮುರಿದವು, ತಿಂದವು. ಉಳಿದದ್ದು ಬೆಳೆಯಿತು. ಅದಕ್ಕೆ ಅವರು ಇಟ್ಟ ಹೆಸರು ಲ್ಯಾಂಡ್‌ಸ್ಕೇಪ್ ಇಮ್ಮರ್ಶನ್. ಹೆಸರು ದೊಡ್ಡದು, ವಿಷಯ ಸರಳ. ಪ್ರಾಣಿ ಇರುವ ಕಡೆ ಯಾವ ಗಿಡವೋ ಜನ ನಡೆಯುವ ಕಡೆಯೂ ಅದೇ ಗಿಡ. ಬೇಲಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ನೋಡುವವರು ಮೇಲೆ ನಿಂತು ಬಾವಿಯೊಳಗೆ ಇಣುಕಿದ ಹಾಗೆ ನೋಡಬಾರದು. ಎಲ್ಲಕ್ಕಿಂತ ಮುಖ್ಯ, ಈಚೆ ನಿಂತವರಿಗೆ ಆಚೆ ನಿಂತವರು ಕಾಣಬಾರದು. ಹುಲಿಯ ಹಿಂದೆ ಬಿದಿರು ಕಂಡರೆ ನಾವು ದನಿ ತಗ್ಗಿಸುತ್ತೇವೆ. ಅದೇ ಹುಲಿಯ ಹಿಂದೆ ಚುರುಮುರಿ ತಿನ್ನುವ ನಲವತ್ತು ಜನ ಕಂಡರೆ ನಾವೂ ಕೂಗುತ್ತೇವೆ. ಒಂದು ಸಾಲು ಬಿದಿರು ಇಷ್ಟು ಕೆಲಸ ಮಾಡುತ್ತದೆ ಅಂದಮೇಲೆ ಅದನ್ನು ಟೆಂಡರಿನಲ್ಲಿ "ಸೌಂದರ್ಯೀಕರಣ" ಅನ್ನುವ ಕೊನೆಯ ಸಾಲಿಗೆ ಹಾಕುವುದು ಯಾವ ನ್ಯಾಯ?

ಇಲ್ಲಿ ಇನ್ನೊಂದು ಮಾತು. ಗಿಡ ಬೆಳೆಸಿದರೆ ಶಬ್ದ ತಡೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತೆಳ್ಳಗಿನ ಬೇಲಿ ಗಿಡ ಶಬ್ದವನ್ನು ಅಷ್ಟೇನೂ ತಡೆಯಲ್ಲ, ನಮ್ಮ ನರ್ಸರಿ ಹೆದ್ದಾರಿ ಪಕ್ಕವೇ ಇದೆ, ನನಗೆ ಗೊತ್ತು. ಅದು ತಡೆಯುವುದು ನೋಟವನ್ನು. ಶಬ್ದ ಕಮ್ಮಿಯಾಗಬೇಕು ಅಂದರೆ ಮಣ್ಣಿನ ದಿಬ್ಬ ಹಾಕಬೇಕು. ಕಂದಕ ತೋಡಿದ ಮಣ್ಣು ಹೇಗೂ ಇರುತ್ತದೆ. ಅದನ್ನು ಲಾರಿಯಲ್ಲಿ ಹೊರಗೆ ಸಾಗಿಸುವ ಬದಲು ಅಲ್ಲೇ ದಿಬ್ಬ ಮಾಡಿ ಮೇಲೆ ಪೊದೆ ಹಾಕಿಸಿ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಪ್ರಾಧಿಕಾರ ಶುರುವಾಗಿದ್ದು 1979ರಲ್ಲಿ. ನಿಮ್ಮ ಕೈಯಲ್ಲಿ ಮೈಸೂರು, ಬನ್ನೇರುಘಟ್ಟ ಇರುವ ಹಾಗೇ ಗದಗದ ಬಿಂಕದಕಟ್ಟಿ, ಶಿವಮೊಗ್ಗದ ತ್ಯಾವರೆಕೊಪ್ಪ, ಬೆಳಗಾವಿಯ ಭೂತರಾಮನಹಟ್ಟಿ, ಹಂಪಿ ಹತ್ತಿರದ ಕಮಲಾಪುರದ ಜೂ ಇವೆಲ್ಲ ಇವೆ. ಎಷ್ಟು ಬೇರೆ ಬೇರೆ ನೆಲ ನೋಡಿ. ಗದಗದ ಮಣ್ಣು ಬೇರೆ, ಶಿವಮೊಗ್ಗದ ಮಳೆ ಬೇರೆ. ಆದರೆ ಜೂ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರುವುದು ಒಂದೇ ಚಿತ್ರ, ಮುಂದೆ ಲಾನು, ಪಕ್ಕದಲ್ಲಿ ಕ್ರೋಟನ್ನು, ಅಲ್ಲೊಂದು ಇಲ್ಲೊಂದು ಪಾಮು. ಕಮಲಾಪುರವನ್ನೇ ತೆಗೆದುಕೊಳ್ಳಿ. ಅದು ಇರುವುದು ಬಂಡೆ, ಕುರುಚಲು ಕಾಡಿನ ಸೀಮೆಯಲ್ಲಿ, ಅಷ್ಟು ದೂರದಲ್ಲೇ ದರೋಜಿ ಕರಡಿ ಧಾಮ. ಅಲ್ಲಿನ ಕರಡಿಗಳು ಏನು ತಿಂದು ಬದುಕುತ್ತವೆ? ಗೆದ್ದಲು, ಇರುವೆ, ಜೇನು. ಹಣ್ಣಿನ ಕಾಲ ಬಂದರೆ ಬೋರೆ, ಕವಳಿ, ಅತ್ತಿ. ಕಕ್ಕೆಕಾಯಿ ಅಂದರೆ ಅವಕ್ಕೆ ಪ್ರಾಣ, ಒಳಗಿನ ಕಪ್ಪು ತಿರುಳು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿತ್ತುತ್ತಾ ಹೋಗುತ್ತವೆ. ನಾವು ಕಕ್ಕೆಯನ್ನು ಹಳದಿ ಹೂವಿಗೆ ನೆಡುತ್ತೇವೆ, ಕರಡಿಗೆ ಅದು ಬುತ್ತಿ. ಬೋರೆ, ಕವಳಿ, ಕಕ್ಕೆ ಮೂರಕ್ಕೂ ಲಾನಿಗೆ ಬಿಡುವಷ್ಟು ನೀರು ಬೇಡ, ಬೇಲಿಯಾಚೆ ಕಾಡಿನಲ್ಲೇ ಬೀಜ ಇದೆ.

ಹಾಗಾಗಿ ಕೃಂಬಿಗಲ್ ಸಾಹೇಬರ ಲೆಕ್ಕವನ್ನು ಒಮ್ಮೆ ತಿರುಗಿಸಿ ಹಾಕಿ ನೋಡೋಣ. ಹೂವಿಗೆ ಬದಲು ಹಣ್ಣು. ನಮ್ಮ ಕಣ್ಣಿಗೆ ಬದಲು ಅವುಗಳ ಬಾಯಿ. ಚಳಿಗಾಲಕ್ಕೆ ಬೋರೆ, ನೆಲ್ಲಿ, ಬೇಲ. ಬೇಸಿಗೆ ಮುಗಿಯುವಾಗ ಕವಳಿ, ಹಲಸು. ಮುಂಗಾರು ಶುರುವಾದಾಗ ನೇರಳೆ. ನಡುನಡುವೆ ಅತ್ತಿ, ಬಸರಿ, ಗೋಣಿ, ಆಲ, ಇವು ಒಂದೊಂದು ಮರ ಒಂದೊಂದು ಹೊತ್ತಿನಲ್ಲಿ ಹಣ್ಣಾಗುತ್ತವೆ, ನಾಲ್ಕು ಜಾತಿ ಇದ್ದರೆ ಎಲ್ಲೋ ಒಂದು ಕಡೆ ಹಣ್ಣು ಇದ್ದೇ ಇರುತ್ತದೆ. ಕಾಡಿನಲ್ಲಿ ಎಲ್ಲ ಒಣಗಿದಾಗ ಹಕ್ಕಿ, ಮಂಗ, ಬಾವಲಿ ಎಲ್ಲವನ್ನೂ ಸಾಕುವುದು ಇವೇ. ತಟ್ಟೆಯಲ್ಲಿ ಕತ್ತರಿಸಿಟ್ಟ ಪಪ್ಪಾಯ ತಿನ್ನುವುದಕ್ಕೆ ಒಂದು ಮಂಗಕ್ಕೆ ಹತ್ತು ನಿಮಿಷ ಸಾಕು. ಮಿಕ್ಕ ಹೊತ್ತು ಅದು ಏನು ಮಾಡಬೇಕು? ಮರದಲ್ಲಿ ಹಣ್ಣಿದ್ದರೆ ಹತ್ತಬೇಕು, ಹುಡುಕಬೇಕು, ಹಿಚುಕಿ ನೋಡಬೇಕು, ಕಾಯಿ ಆಗಿದ್ದರೆ ಬಿಸಾಕಿ ಇನ್ನೊಂದು ಕೊಂಬೆಗೆ ಹೋಗಬೇಕು, ಪಕ್ಕದವನ ಜೊತೆ ಜಗಳ ಆಡಬೇಕು. ಅದೇ ಅದರ ದಿನ.

ಸಿಂಗಳೀಕವನ್ನು ನೋಡಿ. ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದಲ್ಲಿ ಇರುವ ಪ್ರಾಣಿ. ನೆಲಕ್ಕೆ ಇಳಿಯುವುದೇ ಅಪರೂಪ. ಉಪ್ಪಾಗೆ, ಬೈನೆ, ಕಾಡಿನ ಅತ್ತಿ ಜಾತಿಯ ಹಣ್ಣು ಅದರ ಊಟ. ಇಂಥ ಪ್ರಾಣಿಗೆ ಹತ್ತು ಸಾವಿರ ಚದರಡಿ ನೆಲ ಕೊಟ್ಟು ನಡುವೆ ಎರಡು ಕಬ್ಬಿಣದ ಕಂಬ ನಿಲ್ಲಿಸಿದರೆ, ಅದಕ್ಕೆ ಕೊಟ್ಟದ್ದು ಎರಡು ಕಂಬ ಅಷ್ಟೇ. ನೆಲ ಲೆಕ್ಕಕ್ಕೆ ಬರುವುದಿಲ್ಲ. ಅದರ ಜಾಗವನ್ನು ಅಳೆಯಬೇಕಾದ್ದು ಕೊಂಬೆಯಿಂದ ಕೊಂಬೆಗೆ. ನಕ್ಷೆ ಮಾಡುವವರು ದೊಡ್ಡ ಮರ ಇರುವ ಜಾಗವನ್ನು ಮೊದಲು ಹುಡುಕಿ ಅದರ ಸುತ್ತ ಆವರಣ ಕಟ್ಟಿದರೆ ಮೂವತ್ತು ವರ್ಷದ ಕೆಲಸ ಅರ್ಧ ಮುಗಿದ ಹಾಗೆ. ಈಗ ಆಗುವುದು ಉಲ್ಟಾ, ಗೋಡೆಯ ಗೆರೆಗೆ ಅಡ್ಡ ಬಂತು ಅಂತ ಮೊದಲು ಮರ ಕಡಿಯುತ್ತಾರೆ.

ನೀವು ಹೇಳಬಹುದು, ಗಿಡ ನೆಟ್ಟರೆ ಉಳಿಯಬೇಕಲ್ಲ ಮಾರಾಯ ಅಂತ. ನಿಜ. ಜಿಂಕೆ ದೊಡ್ಡಿಗೆ ಸಸಿ ಹಾಕಿದರೆ ಮೂರು ದಿನದಲ್ಲಿ ಕಡ್ಡಿ ಕೂಡ ಉಳಿಯುವುದಿಲ್ಲ. ಹಳೆಯ ಮರಗಳನ್ನು ನೋಡಿದರೂ ಅಷ್ಟೇ, ಜಿಂಕೆ ಕತ್ತು ಚಾಚಿದರೆ ಎಷ್ಟು ಎಟುಕುತ್ತದೋ ಅಲ್ಲಿಯವರೆಗೆ ಬೋಳು, ಅಲ್ಲಿಂದ ಮೇಲೆ ಹಸಿರು, ಯಾರೋ ದಾರ ಹಿಡಿದು ಕತ್ತರಿಸಿದ ಹಾಗೆ. ಗಂಡು ಜಿಂಕೆ ಕೊಂಬು ಉಜ್ಜಿ ಉಜ್ಜಿಯೇ ಮರ ಸಾಯಿಸುತ್ತದೆ. ಆನೆ ತೊಗಟೆ ಸುಲಿಯುತ್ತದೆ. ಕೊಕ್ಕರೆಗಳು ಒಂದೇ ಮರದಲ್ಲಿ ಗುಂಪಾಗಿ ಕೂತರೆ ಹಿಕ್ಕೆಗೇ ಮರ ಸುಟ್ಟುಹೋಗುತ್ತದೆ.

ಇದಕ್ಕೆಲ್ಲ ದಾರಿ ಇದೆ, ಯಾವುದೂ ರಾಕೆಟ್ ವಿಜ್ಞಾನ ಅಲ್ಲ. ಜಿಂಕೆ, ಕಾಟಿಗೆ ನೆರಳಿನ ಮರವನ್ನು ಆವರಣದ ಹೊರಗೇ, ಪಡುವಣ ಬದಿಯಲ್ಲಿ ನೆಡಿ. ಮಧ್ಯಾಹ್ನದ ನಂತರ ನೆರಳು ತಾನಾಗಿ ಒಳಗೆ ಬೀಳುತ್ತದೆ, ಬುಡಕ್ಕೆ ಬಾಯಿ ಎಟುಕುವುದಿಲ್ಲ. ಚಿರತೆಗೆ ಮಾತ್ರ ಈ ಉಪಾಯ ಬೇಡ, ಕೊಂಬೆ ಬೇಲಿ ದಾಟಿದರೆ ಅದೂ ದಾಟುತ್ತದೆ. ಒಳಗಿನ ಮರಗಳ ಬುಡದ ಸುತ್ತ ದಪ್ಪ ದಪ್ಪ ಕಲ್ಲು ಹರಡಿದರೆ ಗೊರಸಿನ ಪ್ರಾಣಿಗಳು ಹತ್ತಿರ ಹೋಗುವುದಕ್ಕೆ ಹಿಂಜರಿಯುತ್ತವೆ. ಎಳೆಯ ಗಿಡಕ್ಕೆ ಮೂರ್ನಾಲ್ಕು ವರ್ಷ ಸೋಲಾರ್ ತಂತಿ ಇರಲಿ. ಜಾಗ ಇದ್ದರೆ ಆವರಣವನ್ನು ಎರಡು ಭಾಗ ಮಾಡಿ ಒಂದನ್ನು ಬಳಸುವಾಗ ಇನ್ನೊಂದಕ್ಕೆ ಉಸಿರಾಡಲು ಬಿಡಿ, ನಮ್ಮ ಅಜ್ಜಂದಿರು ಗೋಮಾಳಕ್ಕೆ ಮಾಡುತ್ತಿದ್ದದ್ದು ಅದನ್ನೇ. ಬೇಗ ಬೆಳೆಯಬೇಕಾ? ಆಲ, ಗೋಣಿ, ಬಸರಿಯ ಆಳೆತ್ತರದ ಕೊಂಬೆ ಕಡಿದು ಮುಂಗಾರಿಗೆ ಮುಂಚೆ ಹೂತು ನೋಡಿ, ಪುಟ್ಟ ಸಸಿಗಿಂತ ವರ್ಷಗಟ್ಟಲೆ ಮುಂದೆ ಇರುತ್ತದೆ. ಸಾಲುಮರ ಹಾಕುತ್ತಿದ್ದ ರೀತಿಯೇ ಅದು. ಹಾಗೇ ಬಿದ್ದ ಮರವನ್ನು ಹರಾಜು ಹಾಕಬೇಡಿ. ಒಂದು ಒಣಗಿದ ದಿಮ್ಮಿ ಕರಡಿಗೆ ಉಗುರು ತೀಡುವುದಕ್ಕೆ, ಗೆದ್ದಲು ಹುಡುಕುವುದಕ್ಕೆ ಎಷ್ಟು ಬೇಕು ಗೊತ್ತಾ.

ಇನ್ನು ಕಣಗಿಲೆ. ಹೆದ್ದಾರಿಯ ನಡುವೆ ಅದನ್ನು ಯಾಕೆ ಹಾಕುತ್ತಾರೆ? ದನ ಮುಟ್ಟುವುದಿಲ್ಲ ಅಂತ. ಯಾಕೆ ಮುಟ್ಟುವುದಿಲ್ಲ? ಎಲೆ, ಕಡ್ಡಿ, ಹೂ, ಬೇರು ಎಲ್ಲ ವಿಷ, ಹೃದಯಕ್ಕೇ ಹೊಡೆಯುತ್ತದೆ. ಊರಿನ ದನಕ್ಕೆ ಆರಿಸಿಕೊಳ್ಳುವುದಕ್ಕೆ ಬೇರೆ ಮೇವು ಇರುತ್ತದೆ. ಆವರಣದೊಳಗೆ ಬೇಸರದಲ್ಲಿ ಕೂತ ಪ್ರಾಣಿಗೆ, ಅದೂ ಎಲ್ಲವನ್ನೂ ಬಾಯಿಗಿಟ್ಟು ನೋಡುವ ಮರಿಗೆ, ಆ ಆಯ್ಕೆ ಇಲ್ಲ. ಗಾಳಿಗೆ ಒಂದು ಕೊಂಬೆ ಒಳಗೆ ಬಿದ್ದರೂ ಸಾಕು. ಲಂಟಾನವೂ ಅಷ್ಟೇ, ದನಕ್ಕೆ ಯಕೃತ್ತು ಹಾಳಾಗಿ ಬಿಸಿಲಿಗೆ ಚರ್ಮ ಸುಡುತ್ತದೆ. ಚಂದದ ಗಿಡ ಅಂತಲೇ 1800ರ ದಶಕದ ಮೊದಲಲ್ಲಿ ಕಲ್ಕತ್ತೆಯ ತೋಟಕ್ಕೆ ತಂದದ್ದು, ಈಗ ಬಂಡೀಪುರ, ನಾಗರಹೊಳೆಯಲ್ಲಿ ಹುಲ್ಲಿಗೆ ಜಾಗ ಇಲ್ಲದ ಹಾಗೆ ತುಂಬಿದೆ. ಹಾಗಾಗಿ ಯಾವ ಗಿಡ ಹಾಕಬಹುದು ಅನ್ನುವುದಕ್ಕಿಂತ ಮುಂಚೆ ಯಾವುದು ಹಾಕಲೇಬಾರದು ಅನ್ನುವ ಒಂದು ಪಟ್ಟಿ ಪ್ರತಿ ಟೆಂಡರಿನ ಜೊತೆ ಇರಬೇಕು. ಅದಕ್ಕೆ ಜೂನ ಡಾಕ್ಟರು ಸಹಿ ಹಾಕಬೇಕು. ಇದ್ದರೆ ಸಂತೋಷ. ನನಗೆ ಬಂದ ಆ ಫೋನಿನ ಹಿಂದೆ ಅಂಥ ಪಟ್ಟಿ ಇರಲಿಲ್ಲ.

ಸೊಪ್ಪಿನ ತೋಪು ಒಂದು ಬೇಕು. ಜಿರಾಫೆಗೆ, ಆನೆಗೆ, ಲಂಗೂರಿಗೆ ದಿನಾ ಹಸಿ ಸೊಪ್ಪು ಬೇಕಲ್ಲ. ರಸ್ತೆ ಬದಿ ಕರೆಂಟ್ ಲೈನಿಗೆ ತಾಗುತ್ತದೆ ಅಂತ ಕಡಿದ ಕೊಂಬೆ ತಂದುಹಾಕುವುದು ಸುಲಭ, ಆದರೆ ಅದಕ್ಕೆ ಏನು ಸಿಂಪಡಿಸಿದ್ದಾರೆ, ಎಷ್ಟು ಹೊಗೆ ಕುಡಿದಿದೆ ಅಂತ ಯಾರಿಗೆ ಗೊತ್ತು. ಜೂನ ಅಂಚಿನಲ್ಲಿ ಖಾಲಿ ಬಿದ್ದಿರುವ ಜಾಗದಲ್ಲಿ ಬಸರಿ, ಹಲಸು, ನುಗ್ಗೆ, ದಾಸವಾಳ, ಬಿದಿರು ಹಾಕಿ ಸರದಿಯ ಮೇಲೆ ಕಡಿದರೆ ಅದೇ ಹಸಿರು ಬೇಲಿ, ಅದೇ ಮೇವು.

ಬನ್ನೇರುಘಟ್ಟದ ಚಿಟ್ಟೆ ಉದ್ಯಾನ 2006ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿಗೆ ಹೋದಾಗ ನನಗೆ ಅನ್ನಿಸುವುದು, ಈ ಮಾತು ಅಲ್ಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಟ್ಟೆ ಸಾಕುವವರಿಗೆ ಗಿಡ ಮೊದಲು ಅನ್ನುವುದು ಗೊತ್ತಿರಲೇಬೇಕು. ಈಶ್ವರಿ ಬಳ್ಳಿ ಇಲ್ಲದಿದ್ದರೆ ಸಹ್ಯಾದ್ರಿಯ ಆ ದೊಡ್ಡ ಹಳದಿ ಕಪ್ಪು ಚಿಟ್ಟೆ ಇಲ್ಲ. ಎಕ್ಕ ಇಲ್ಲದಿದ್ದರೆ ಕಿತ್ತಳೆ ಬಣ್ಣದ ಹುಲಿ ಚಿಟ್ಟೆಗೆ ಕಷ್ಟ. ಮನೆಯ ಹಿತ್ತಲಿನ ನಿಂಬೆ, ಕರಿಬೇವಿನ ಮೇಲೆ ಹುಳ ನೋಡಿ ಔಷಧಿ ಹೊಡೆಯುತ್ತೇವಲ್ಲ, ಅದೂ ಚಿಟ್ಟೆಯೇ. ಅದೇ ಬುದ್ಧಿಯನ್ನು ಚಿಟ್ಟೆಯಿಂದ ಚಿರತೆಯವರೆಗೆ ಎಳೆಯಬೇಕು, ಅಷ್ಟೇ.

ಈಗ ನಮ್ಮಂಥ ಟಿಕೆಟ್ ಕೊಳ್ಳುವವರಿಗೆ ಒಂದು ಮಾತು. ಗಿಡ ಜಾಸ್ತಿ ಆದರೆ "ಪ್ರಾಣೀನೇ ಕಾಣಲಿಲ್ಲ, ದುಡ್ಡು ದಂಡ" ಅಂತ ಗೇಟಿನಲ್ಲಿ ಜಗಳ ಮಾಡುವವರು ನಾವೇ. ನಮ್ಮ ಈ ಗಲಾಟೆಗೆ ಹೆದರಿಯೇ ಎಷ್ಟೋ ಕಡೆ ಪೊದೆ ಸವರುತ್ತಾರೆ. ಬಚ್ಚಿಟ್ಟುಕೊಳ್ಳುವುದಕ್ಕೆ ಜಾಗ ಇದ್ದರೆ ಪ್ರಾಣಿ ಯಾವಾಗಲೂ ಬಚ್ಚಿಟ್ಟುಕೊಂಡೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಓಡುವುದಕ್ಕೆ ಜಾಗ ಇದೆ ಅಂತ ಗೊತ್ತಿರುವ ಬೆಕ್ಕು ಅಂಗಳದ ನಡುವೆ ಆರಾಮಾಗಿ ಮಲಗುತ್ತದೆ, ಮೂಲೆಗೆ ಸಿಕ್ಕಿಸಿದ ಬೆಕ್ಕು ಪರಚುತ್ತದೆ. ಇದನ್ನೂ ನಕ್ಷೆಯಲ್ಲೇ ಮಾಡಬಹುದು. ನೋಡುವ ಕಿಂಡಿಯ ಹತ್ತಿರವೇ ದಟ್ಟ ನೆರಳು, ತಂಪಾದ ಕಲ್ಲು, ನೀರು ಇಟ್ಟರೆ ಹುಲಿ ತಾನಾಗೇ ಅಲ್ಲಿ ಬಂದು ಮಲಗುತ್ತದೆ. ಹಿಂದೆ ಹೋಗುವುದಕ್ಕೆ ಪೊದೆ ಇರಬೇಕು, ಮುಂದೆ ಬರುವುದಕ್ಕೆ ಆಸೆ ಇರಬೇಕು. ಉದ್ದಕ್ಕೂ ಕಂಬಿ ಹಿಡಿದು ನಿಲ್ಲುವ ಕಟ್ಟೆಗಿಂತ ಬಿದಿರಿನ ನಡುವೆ ನಾಲ್ಕು ಸಣ್ಣ ಕಿಂಡಿ ಒಳ್ಳೆಯದು. ಮಕ್ಕಳಿಗೆ ಹುಡುಕುವ ಖುಷಿಯೂ ಸಿಗುತ್ತದೆ. ನನ್ನ ಮಗಳು ಮೈಸೂರು ಜೂನಿಂದ ಬಂದು ಇವತ್ತಿಗೂ ಹೇಳುವುದು ಎಲೆಗಳ ಮಧ್ಯೆ ತಾನೇ ಮೊದಲು ನೋಡಿದ ಒಂದು ಹಕ್ಕಿಯ ಸುದ್ದಿ.

ಹೇಗೂ ಕೇಂದ್ರ ಮೃಗಾಲಯ ಪ್ರಾಧಿಕಾರ ಪ್ರತಿ ಜೂಗೂ ಮಾಸ್ಟರ್ ಪ್ಲಾನ್ ಕೇಳುತ್ತದೆ. ಆ ಪ್ಲಾನ್ ಬರೆಯುವ ಮೊದಲ ಸಭೆಯಲ್ಲೇ ಸುತ್ತಲಿನ ಕಾಡು ಗೊತ್ತಿರುವ ಒಬ್ಬ ಗಿಡದವನು, ಹತ್ತಿಪ್ಪತ್ತು ವರ್ಷ ಕೆಲಸ ಮಾಡಿದ ಒಬ್ಬ ಕೀಪರ್, ಒಬ್ಬ ಮಾಲಿ ಕೂತಿರಲಿ. ಯಾವ ಪ್ರಾಣಿ ಯಾವ ಗಿಡಕ್ಕೆ ಏನು ಮಾಡುತ್ತದೆ ಅಂತ ಕೀಪರ್, ಮಾಲಿ ಇಬ್ಬರಿಗೆ ಗೊತ್ತಿರುವಷ್ಟು ಯಾವ ಕನ್ಸಲ್ಟೆಂಟಿಗೂ ಗೊತ್ತಿರುವುದಿಲ್ಲ, ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೇ. ಗಿಡದ ಟೆಂಡರನ್ನು ಸಿವಿಲ್ ಕೆಲಸದಿಂದ ಬೇರೆ ಮಾಡಿ. ನೆಟ್ಟ ದಿನ ಪೂರ್ತಿ ಬಿಲ್ ಕೊಡಬೇಡಿ, ಮೂರನೇ ಬೇಸಿಗೆ ದಾಟಿದ ಮೇಲೆ ಬದುಕಿರುವ ಗಿಡ ಎಣಿಸಿ ಉಳಿದ ದುಡ್ಡು ಕೊಡಿ. ನನ್ನಂಥ ನರ್ಸರಿಯವರು ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ನನ್ನ ಹತ್ತಿರ ಈಗ ಎದೆಯೆತ್ತರಕ್ಕೆ ಬಂದ ಅತ್ತಿ ಅರವತ್ತು, ಕಕ್ಕೆ ನಲವತ್ತು, ನೇರಳೆ ಇನ್ನೂ ಜಾಸ್ತಿ ಇವೆ. ದುಡ್ಡು ಬೇಡ. ಮೈಸೂರು ಜೂಗೆ ಮಂಗಳವಾರ ರಜೆ ಅಲ್ವಾ, ಮುಂಗಾರು ಹಿಡಿದ ಮೇಲೆ ಯಾವ ಮಂಗಳವಾರ ಅಂತ ತಿಳಿಸಿದರೆ ಟೆಂಪೋದಲ್ಲಿ ಹಾಕಿಕೊಂಡು, ಗುದ್ದಲಿ ಸಮೇತ ಬರುತ್ತೇನೆ. ಗುಂಡಿ ಎಲ್ಲಿ ತೋಡಬೇಕು ಅಂತ ಕೀಪರ್ ಒಬ್ಬರು ಬಂದು ತೋರಿಸಿದರೆ ಸಾಕು.

ಇಂತಿ,
ಸಿಮೆಂಟ್ ಮರದ ಪಕ್ಕ ಡುರಾಂಟ ಕಳಿಸಿದ ನರ್ಸರಿಯವನು